ಬ್ರೊಕೋಲಿ ಮಾರಿದ ಮೇಲೆ ಹೊಲದಲ್ಲಿ ಉಳಿದದ್ದು

ಚಿಕ್ಕಬಳ್ಳಾಪುರದ ಹತ್ತಿರವಿರುವ ನಮ್ಮ ಅರ್ಧ ಎಕರೆಯಲ್ಲಿ ಮೊದಲ ಸಲ ಬ್ರೊಕೋಲಿ ಬೆಳೆದಾಗ, ನಾಟಿಯಾದ ಸುಮಾರು 70 ದಿನಕ್ಕೆ ಹೂಗಳನ್ನೆಲ್ಲ ಕೊಯ್ದು ಕ್ರೇಟುಗಳಲ್ಲಿ ತುಂಬಿ ಕಳುಹಿಸಿದ ಮೇಲೂ ಹೊಲ ಖಾಲಿಯಾದಂತೆ ಕಾಣಲಿಲ್ಲ. ಮೊಣಕಾಲೆತ್ತರದ ಎಲೆ, ದಂಟುಗಳೆಲ್ಲ ಹಾಗೆಯೇ ನಿಂತಿದ್ದವು; ತೂಕಕ್ಕೆ ಹಾಕಿದರೆ ಮಾರಿದ್ದಕ್ಕಿಂತ ಉಳಿದದ್ದೇ ಹೆಚ್ಚು.

ಮೊದಲಿಗೆ ಹಸುಗಳಿಗೆ ಹಾಕಿದೆ. ಹಾಲು ಕರೆಯುವ ಮುಂಚೆಯೇ ಹೊರೆಗಟ್ಟಲೆ ಎಲೆ ತಿನ್ನಿಸಿದ್ದರಿಂದ ಹಾಲಿಗೆ ಕೋಸಿನ ವಾಸನೆ ಹತ್ತಿ, ಮನೆಯವರೆಲ್ಲ ಕಾಫಿ ಲೋಟವನ್ನು ಪಕ್ಕಕ್ಕಿಟ್ಟರು. ಈಗ ಕರೆದಾದ ಮೇಲೆ, ರಾಗಿ ಹುಲ್ಲಿನೊಂದಿಗೆ ಬೆರೆಸಿ, ಸ್ವಲ್ಪ ಮಾತ್ರ ಕೊಡುತ್ತೇನೆ. ಅತಿಯಾದರೆ ಇದು ದನಗಳಲ್ಲಿ ರಕ್ತಹೀನತೆಯನ್ನೂ ತರುತ್ತದೆ.

ದಂಟು ಅಡುಗೆಮನೆ ಸೇರಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಅತ್ತಿಗೆಯವರಿಂದ. ನಾರಿನ ಸಿಪ್ಪೆಯನ್ನು ಹೆರೆದು, ಒಳಗಿನ ಎಳೆಯ ತಿರುಳನ್ನು ಸಣ್ಣಗೆ ಹೆಚ್ಚಿ, ಮೂರು ನಿಮಿಷ ಹಬೆಯಲ್ಲಿಟ್ಟು ಆರಿಸಿ, ತೆಂಗಿನಕಾಯಿಯೊಂದಿಗೆ ಹಸಿ ಸಾಸಿವೆ ರುಬ್ಬಿ ಮೊಸರಿನಲ್ಲಿ ಕಲಸುತ್ತಾರೆ. ಅವರ ಕಡೆ ಇದಕ್ಕೆ ಸಾಸಿವೆ ಎಂದೇ ಹೆಸರು. ರುಚಿಗೆಂದು ಮಾಡಿದ್ದರಲ್ಲಿ ಒಂದು ಒಳ್ಳೆಯ ಲೆಕ್ಕವೂ ಇದೆ. 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಲ್ ತಲಾಲೆ ಅವರ ತಂಡ ಬ್ರೊಕೋಲಿಯಿಂದ ಬೇರ್ಪಡಿಸಿದ ಸಲ್ಫೊರಾಫೇನ್ ಎಂಬ ವಸ್ತು, ಜೀವಕೋಶಗಳು ತಮ್ಮನ್ನು ತಾವು ಕಾಪಾಡಿಕೊಳ್ಳುವ ಕಿಣ್ವಗಳನ್ನು ಪ್ರಚೋದಿಸುತ್ತದೆ. ಆದರೆ ಅದು ಗಿಡದಲ್ಲಿ ಸಿದ್ಧವಾಗಿರುವುದಿಲ್ಲ. ಹೆಚ್ಚಿದಾಗ ಅಥವಾ ಅಗಿದಾಗ ಮೈರೋಸಿನೇಸ್ ಎಂಬ ಕಿಣ್ವದಿಂದ ಹುಟ್ಟುತ್ತದೆ, ಹೆಚ್ಚು ಬೇಯಿಸಿದರೆ ಆ ಕಿಣ್ವವೇ ಸಾಯುತ್ತದೆ. ಹಸಿ ಸಾಸಿವೆಯಲ್ಲಿಯೂ ಅದೇ ಬಗೆಯ ಕಿಣ್ವವಿರುವುದರಿಂದ ಕೊರತೆ ತುಂಬುತ್ತದೆ. ಕಾದ ಎಣ್ಣೆಯಲ್ಲಿ ಸಿಡಿದ ಒಗ್ಗರಣೆಯ ಸಾಸಿವೆಯಿಂದ ಈ ಕೆಲಸವಾಗದು. 100 ಗ್ರಾಂ ಹಸಿ ಬ್ರೊಕೋಲಿಯಲ್ಲಿ ಸುಮಾರು 90 ಮಿಲಿಗ್ರಾಂ ಸಿ ಜೀವಸತ್ವವಿದ್ದು, ನೀರಿನಲ್ಲಿ ಕುದಿಸಿ ಬಸಿದರೆ ಅದರಲ್ಲಿ ಬಹಳಷ್ಟು ಚೆಲ್ಲಿಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುವ ನಮ್ಮ ತಂದೆಯವರಿಗೆ ಮಾತ್ರ, ಇದರಲ್ಲಿರುವ ಕೆ ಜೀವಸತ್ವದ ಕಾರಣ, ವೈದ್ಯರನ್ನು ಕೇಳಿ ವಾರವಾರವೂ ಒಂದೇ ಅಳತೆಯಲ್ಲಿ ಬಡಿಸುತ್ತೇವೆ.

ಮಿಕ್ಕ ಸೊಪ್ಪನ್ನು ಹಸಿಯಿದ್ದಾಗಲೇ ಕತ್ತರಿಸಿ ಮಣ್ಣಿಗೆ ಸೇರಿಸಿ ನೀರು ಹಾಯಿಸುತ್ತೇನೆ. ಜಜ್ಜಿದ ಎಲೆಯಿಂದ ಹೊಮ್ಮುವ ಆ ಘಾಟು ಮಣ್ಣಿನಲ್ಲಿರುವ ಕೆಲವು ರೋಗಾಣುಗಳನ್ನು ಹತ್ತಿಕ್ಕುತ್ತದೆ. ಹಾಗಾಗಿ ಮೂರು ವಾರ ಬಿಟ್ಟು ಅಲ್ಲಿಯೇ ಟೊಮೆಟೊ ನೆಡುತ್ತೇನೆ, ಬ್ರೊಕೋಲಿಯ ಕುಲದ್ದೇ ಆದ ಕೋಸನ್ನಂತೂ ನೆಡುವುದಿಲ್ಲ. ಗಟ್ಟಿ ಬುಡಗಳನ್ನು ಬೆರಳುದ್ದಕ್ಕೆ ಕಡಿದು, ಸಗಣಿ ಮತ್ತು ಒಣ ತರಗಿನೊಂದಿಗೆ ಪದರಪದರವಾಗಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ; ತರಗು ಕಡಿಮೆಯಾದ ವರ್ಷ ಗುಂಡಿ ನಾರಿದ್ದು ಪಕ್ಕದ ಮನೆಯವರಿಗೂ ತಿಳಿದಿತ್ತು. ರೋಗ ತಗುಲಿ ಎಲೆಯಂಚಿನಲ್ಲಿ ಹಳದಿ ತ್ರಿಕೋನ ಮೂಡಿ ನರಗಳು ಕಪ್ಪಾದ ಗಿಡಗಳನ್ನು, ಗಂಟುಗಂಟಾಗಿ ಊದಿದ ಬೇರುಗಳನ್ನು ಗುಂಡಿಗೂ ಹಾಕದೆ, ಹೊಲದಲ್ಲಿಯೂ ಬಿಡದೆ ಬೇರೆಯಾಗಿ ಒಣಗಿಸಿ ಸುಡುತ್ತೇನೆ.