ಹೊಸ ಎಫ್‌ಸಿಗೆ ಪೂರ್ತಿ ದುಡ್ಡು ಕೊಡುವ ಮುನ್ನ

2022ರ ಫಿಫಾ 23ರ ತನಕ ಫಿಫಾ ಹೆಸರಲ್ಲಿದ್ದ ಫುಟ್‌ಬಾಲ್ ವಿಡಿಯೊ ಆಟವೇ ಈಗ ಇಎ ಸ್ಪೋರ್ಟ್ಸ್ ಎಫ್‌ಸಿ. ಪ್ರತಿ ಸೆಪ್ಟೆಂಬರ್ ಕೊನೆಗೆ ಹೊಸದು ಬರುತ್ತದೆ. ಪ್ಲೇಸ್ಟೇಷನ್ 5 (ಪಿಎಸ್5) ಕನ್ಸೋಲ್‌ಗೆ ಅಮೆರಿಕದಲ್ಲಿ 70 ಡಾಲರ್. ಅಷ್ಟು ಕೊಡಬೇಕೋ ಬೇಡವೋ ಅನ್ನುವುದನ್ನು ಟ್ರೇಲರ್ ನೋಡಿ ತೀರ್ಮಾನಿಸಬೇಡಿ. ಕಳೆದ ಮೂರು ತಿಂಗಳು ನೀವು ಆಡಿದ್ದು ಯಾವ ಮೋಡ್ ಎಂದು ನೋಡಿ.

ಅಲ್ಟಿಮೇಟ್ ಟೀಮ್ (ಆಟಗಾರರ ಕಾರ್ಡು ಕೂಡಿಸಿ ತಂಡ ಕಟ್ಟುವ ಮೋಡ್) ಆಡುವವರಾದರೆ ಒಂದೋ ಮೊದಲ ವಾರಗಳಲ್ಲೇ ಕೊಳ್ಳಿ, ಇಲ್ಲವೇ ಆ ವರ್ಷ ಬಿಟ್ಟುಬಿಡಿ. ಹಳೆಯ ಕಾರ್ಡುಗಳು ಹೊಸ ಆಟಕ್ಕೆ ಬರುವುದಿಲ್ಲ, ಎಲ್ಲರೂ ಸೊನ್ನೆಯಿಂದಲೇ ಶುರು. ಅಗ್ಗಕ್ಕೆ ಸಿಕ್ಕಿತೆಂದು ಮೇನಲ್ಲಿ ಕೊಂಡರೆ ಎದುರಾಳಿ ಎಂಟು ತಿಂಗಳು ಕಟ್ಟಿದ ತಂಡದೊಂದಿಗೆ ನಿಂತಿರುತ್ತಾನೆ. ನಿಮ್ಮದು ಒಂದು ಹದಕ್ಕೆ ಬರುವಷ್ಟರಲ್ಲಿ ಮುಂದಿನ ಸೆಪ್ಟೆಂಬರ್. ಕಾರ್ಡುಗಳ ಪ್ಯಾಕ್‌ಗೆ ಸುರಿಯುವ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ, 70 ಡಾಲರ್ ಬರೀ ಗೇಟ್ ಟಿಕೆಟ್.

ಒಂದು ಕ್ಲಬ್ ಅಥವಾ ಆಟಗಾರನನ್ನು ಹಿಡಿದು ಸೀಸನ್‌ಗಟ್ಟಲೆ ಆಡುವ ಕರಿಯರ್ ಮೋಡ್‌ನವರಿಗೆ ಆತುರವೇ ಬೇಡ, ನವೆಂಬರ್ ಕೊನೆಯ ಸೇಲ್‌ಗೆ ಕಾಯಿರಿ. ಸೇವ್ ಫೈಲ್ ಮುಂದಿನ ಆವೃತ್ತಿಗೆ ಬರುವುದಿಲ್ಲವಾದ್ದರಿಂದ ಅರ್ಧಕ್ಕೆ ನಿಂತ ಸೀಸನ್ ಮೊದಲು ಮುಗಿಸಿಕೊಳ್ಳಿ. ಮನೆಯಲ್ಲಿ ಗೆಳೆಯರ ಜೊತೆ ಮಾತ್ರ ಆಡುವುದಾದರೆ ಮೂರು ವರ್ಷಕ್ಕೊಂದು ಸಾಕು. ನಿಂಟೆಂಡೊ ಸ್ವಿಚ್‌ನಲ್ಲಂತೂ ಫಿಫಾ 20ರಿಂದ 23ರ ತನಕ ‘ಲೆಗಸಿ ಎಡಿಷನ್’ ಹೆಸರಲ್ಲಿ ಜೆರ್ಸಿ, ತಂಡಗಳ ಪಟ್ಟಿ ಬದಲಿಸಿ ಹಳೆಯ ಆಟವನ್ನೇ ಮಾರಿದ್ದರು!

ಇನ್ನೂ ಅನುಮಾನವಿದ್ದರೆ ಇಎ ಕಂಪನಿಯ ಚಂದಾ ಸೇವೆ ಇಎ ಪ್ಲೇಯನ್ನು ಒಂದು ತಿಂಗಳಿಗೆ ತೆಗೆದುಕೊಳ್ಳಿ, ಹೊಸ ಆಟ 10 ಗಂಟೆ ಟ್ರಯಲ್‌ಗೆ ಸಿಗುತ್ತದೆ. ಮೆನುವಿನಲ್ಲಿ ಸುಮ್ಮನೆ ಕೂತರೂ ಗಡಿಯಾರ ಓಡುತ್ತಲೇ ಇರುತ್ತದೆ, ಹಾಗಾಗಿ ಊಟಕ್ಕೆ ಎದ್ದರೆ ಆಟ ಪೂರ್ತಿ ಮುಚ್ಚಿ. ಬಿಡುಗಡೆಯ ದಿನವೇ ಶುರು ಮಾಡಬೇಡಿ. ಮೊದಲ ಪ್ಯಾಚ್‌ಗಳಲ್ಲಿ (ಆಟ ತಿದ್ದುವ ಅಪ್‌ಡೇಟ್‌ಗಳಲ್ಲಿ) ಪಾಸ್ ವೇಗ, ಗೋಲ್‌ಕೀಪರ್‌ನ ವರ್ತನೆ ಬದಲಾಗುವುದುಂಟು. ಹಳೆಯದರಲ್ಲಿ ಒಂದು ತಂಡ ಹಿಡಿದು 6 ನಿಮಿಷದ ಹಾಫ್‌ಗಳ ಮೂರು ಪಂದ್ಯ ಆಡಿ, ಕೂಡಲೇ ಹೊಸದರಲ್ಲೂ ಅದೇ ತಂಡ, ಅದೇ ಡಿಫಿಕಲ್ಟಿ. ಆಟಗಾರನನ್ನು ಬದಲಿಸುವ ಬಟನ್ ಒತ್ತಿದಾಗ ಸರಿಯಾದ ಡಿಫೆಂಡರ್ ಸಿಗುತ್ತಾನಾ? ಗೋಲ್‌ಕೀಪರ್ ತಡೆದ ಚೆಂಡು ಎತ್ತ ಹೋಗುತ್ತದೆ? ಆರು ಪಂದ್ಯದಲ್ಲಿ ಕೈಗೆ ವ್ಯತ್ಯಾಸ ತಿಳಿಯದಿದ್ದರೆ ನವೆಂಬರ್‌ವರೆಗೆ ದುಡ್ಡು ಜೇಬಿನಲ್ಲೇ ಇರಲಿ. ಮುಂದೆ ಕೊಂಡರೂ ಟ್ರಯಲ್‌ನಲ್ಲಿ ಆಡಿದ್ದು ಹಾಗೇ ಮುಂದುವರಿಯುತ್ತದೆ.

ಪಿಸಿಯವರು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು ಬೇಸರವಾದರೆ 14 ದಿನದೊಳಗೆ, ಆಟದ ಸಮಯ 2 ಗಂಟೆ ದಾಟುವ ಮುನ್ನ ರೀಫಂಡ್ ಕೇಳಬೇಕು. ಕನ್ಸೋಲ್‌ನವರು ಡಿಸ್ಕ್ ಕೊಂಡಿದ್ದರೆ ಆಗಸ್ಟ್‌ಗೆ ಮೊದಲೇ ಮಾರಿಬಿಡಿ, ಹೊಸದು ಬಂದ ಮೇಲೆ ಹಳೆಯದನ್ನು ಕೇಳುವವರಿರುವುದಿಲ್ಲ.