ನೆತ್ತರು ಶರಬತ್ತಿನಂತೆ ಕಾಣಬಾರದೆಂದರೆ

ಕಡಿಮೆ ದುಡ್ಡಿನ ಹಾರರ್ ಸಿನಿಮಾದಲ್ಲಿ ಚಿಮ್ಮುವುದು ಸುಳ್ಳು ರಕ್ತ ಅಂತ ನೋಡುವವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮುಖ ಕಿವುಚುತ್ತಾನೆ, ಮರುಕ್ಷಣ ನಗುತ್ತಾನೆ, ‘ಇದನ್ನ ಹೇಗಪ್ಪಾ ಮಾಡಿದ್ರು’ ಅಂತ ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡುತ್ತಾನೆ. ಕಂಪ್ಯೂಟರಿನಲ್ಲಿ ಮೆತ್ತಿದ ರಕ್ತಕ್ಕೆ ಆ ಇನ್ನೊಂದು ನೋಟ ಸಿಗುವುದು ಕಷ್ಟ, ಅದು ಯಾರ ಅಂಗಿಗೂ ಅಂಟಿರುವುದಿಲ್ಲವಲ್ಲ. ಹಾಗಾಗಿ ಕಿರುಚಿತ್ರದವರು ಕ್ಯಾಮೆರಾ ಬಾಡಿಗೆಗೆ ತರುವ ಮುಂಚೆ ಒಂದು ದಿನ ಅಡುಗೆಮನೆಯಲ್ಲಿ ಕಳೆಯುವುದು ಒಳ್ಳೆಯದು.

1968ರಲ್ಲಿ ಬಂದ ‘ನೈಟ್ ಆಫ್ ದ ಲಿವಿಂಗ್ ಡೆಡ್’ನಲ್ಲಿ ನಿರ್ದೇಶಕ ಜಾರ್ಜ್ ರೊಮೆರೊ ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್. ಅದು ಕಪ್ಪು-ಬಿಳುಪು ಚಿತ್ರ, ಕೆಂಪು ಬೇಕಿರಲಿಲ್ಲ, ಗಾಢವಾಗಿ ಕಂಡು ನಿಧಾನ ಹರಿದರೆ ಸಾಕಿತ್ತು. 1981ರ ‘ದಿ ಈವಿಲ್ ಡೆಡ್’ ಬಣ್ಣದ್ದು. ಅದರ ನಿರ್ದೇಶಕ ಸ್ಯಾಮ್ ರೈಮಿಯ ತಂಡ ಕಾರ್ನ್ ಸಿರಪ್ಪಿಗೆ (ಮೆಕ್ಕೆಜೋಳದಿಂದ ಮಾಡುವ ಸಕ್ಕರೆ ಪಾಕ) ಕೆಂಪು ಬಣ್ಣದ ಜೊತೆ ಕಾಫಿಗೆ ಹಾಕುವ ಕ್ರೀಮರ್ ಪುಡಿಯನ್ನೂ ಬೆರೆಸಿತು. ಗುಟ್ಟಿರುವುದು ಆ ಪುಡಿಯಲ್ಲೇ. ನಿಜವಾದ ರಕ್ತದ ಆಚೆ ಬದಿ ಕಾಣುವುದಿಲ್ಲ. ಸಕ್ಕರೆ ಪಾಕಕ್ಕೆ ಬರೀ ಬಣ್ಣ ಹಾಕಿದರೆ ಬೆಳಕು ಅದರೊಳಗೆ ತೂರಿ ಬಂದು, ಹೆಣದ ಪಕ್ಕ ಯಾರೋ ರೋಸ್ ಶರಬತ್ತು ಚೆಲ್ಲಿದ ಹಾಗೆ ಕಾಣುತ್ತದೆ. ಮೊದಲ ಸಲ ಮಾಡುವವರು ಎಡವುವುದು ಇಲ್ಲೇ.

ನಮ್ಮಲ್ಲಿ ಕಾರ್ನ್ ಸಿರಪ್ ಎಲ್ಲ ಕಡೆ ಸಿಗದು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಲಿಕ್ವಿಡ್ ಗ್ಲೂಕೋಸ್ ಸಿಗುತ್ತದೆ, ಅದೇ ಸಾಕು. 500 ಗ್ರಾಂ ಗ್ಲೂಕೋಸಿಗೆ 120 ಮಿ.ಲೀ. ಬಿಸಿನೀರು, ಅರ್ಧ ಟೀ ಚಮಚ ಕೆಂಪು ಫುಡ್ ಕಲರ್ ಪುಡಿ, ಎರಡು ಟೀ ಚಮಚ ಕೊಕೊ ಪುಡಿ, ಒಂದು ದೊಡ್ಡ ಚಮಚ ಹಾಲಿನ ಪುಡಿ. ಬಣ್ಣವನ್ನು ಸ್ವಲ್ಪ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿಯೇ ಹಾಕಿ. ಕರಗದ ಒಂದು ಕಣ ಉಳಿದರೂ ನಟನ ಕೆನ್ನೆಯ ಮೇಲೆ ಅದು ಒಡೆದು ಕಡುಕೆಂಪು ಗೆರೆ ಎಳೆಯುತ್ತದೆ. ಕೊಕೊ ಮತ್ತು ಹಾಲಿನ ಪುಡಿಯನ್ನೂ ಬೇರೆಯಾಗಿ ಪೇಸ್ಟ್ ಮಾಡಿ ಸೋಸಿ ಸೇರಿಸಿ, ಇಲ್ಲವಾದರೆ ಗಂಟುಗಳು. ಹಾಲಿನ ಪುಡಿಯಿಂದ ಬಣ್ಣ ಗುಲಾಬಿಗೆ ತಿರುಗಿದರೆ ಇನ್ನಷ್ಟು ಕೊಕೊ ಹಾಕಿ. ಕಿತ್ತಳೆಗೆ ತಿರುಗಿದರೆ ನೀಲಿ ಫುಡ್ ಕಲರ್ ಒಂದೇ ಒಂದು ಹನಿ. ಎರಡನೇ ಹನಿಗೆ ಮುಂಚೆ ಕಲಕಿ ನೋಡಿ, ನೀಲಿ ಹೆಚ್ಚಾದರೆ ನೇರಳೆಹಣ್ಣಿನ ರಸವಾಗುತ್ತದೆ, ಹಿಂದಕ್ಕೆ ತರಲಾಗದು.

ಬಿಳಿ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡಿ. ಹನಿ ನಿಧಾನ ಇಳಿಯುತ್ತಾ ಹಿಂದೆ ಕೆಂಪು ಪೊರೆ ಬಿಡಬೇಕು. ಹನಿ ಕದಲದಿದ್ದರೆ ಒಂದೊಂದೇ ಚಮಚ ನೀರು ಸೇರಿಸಿ. ಆಮೇಲೆ ಚಿತ್ರೀಕರಣದ ಬೆಳಕಿನಲ್ಲೇ, ಅದೇ ಕ್ಯಾಮೆರಾದಲ್ಲಿ ನೋಡಿ. ಹಳದಿ ಬಲ್ಬಿನಡಿ ರಕ್ತ ಕಿತ್ತಳೆಯಾಗುತ್ತದೆ, ನೀಲಿ ‘ರಾತ್ರಿ’ ಬೆಳಕಿನಲ್ಲಿ ಡಾಂಬರಿನಂತೆ ಕಪ್ಪಾಗುತ್ತದೆ. ಕಣ್ಣಿಗೆ ಸರಿ ಕಂಡದ್ದನ್ನು ನಂಬಬೇಡಿ.

ಅರಿಶಿನ-ಸುಣ್ಣದ ಕೆಂಪು ನೀರು ಆರತಿಗೆ ಚೆಂದ, ಇಲ್ಲಿ ಬೇಡ. ನೀರಿನಂತೆ ತೆಳು, ಹುಳಿ ತಾಗಿದರೆ ಹಳದಿಗೆ ತಿರುಗುತ್ತದೆ, ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಓಕುಳಿ ಬಣ್ಣ, ಬಟ್ಟೆಯ ಬಣ್ಣ ಯಾವುದೂ ಮುಖದ ಹತ್ತಿರ ಬರಬಾರದು.

ಬಾಯಿಂದ ಸುರಿಯುವ ರಕ್ತಕ್ಕೆ ಒಂದು ಬಾಟಲಿ, ಬಟ್ಟೆಗೆ ಹಾಕುವುದಕ್ಕೆ ಇನ್ನೊಂದು. ಎರಡಕ್ಕೂ ಚೀಟಿ ಅಂಟಿಸಿ. ಬಟ್ಟೆಯದಕ್ಕೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಬೇಕು. ಅದಿಲ್ಲದಿದ್ದರೆ ಪಾಕ ಬಟ್ಟೆಯ ಮೇಲೆ ಮಣಿಯಾಗಿ ಜಾರುತ್ತದೆ, ಒಳಗೆ ಹೀರುವುದಿಲ್ಲ. ಹಾಲಿವುಡ್ಡಿನ ಮೇಕಪ್ ಕಲಾವಿದ ಡಿಕ್ ಸ್ಮಿತ್ ಇದೇ ಕೆಲಸಕ್ಕೆ ಫೋಟೊ ತೊಳೆಯುವ ಕೊಡಾಕ್ ಫೋಟೊ-ಫ್ಲೋ ಬೆರೆಸುತ್ತಿದ್ದರು. ಅದು ವಿಷ, ಬಾಯಿಗೆ ಹೋಗುವ ರಕ್ತದಲ್ಲಿ ಇರಬಾರದು. ಆ ಹಳೆಯ ಪಾಕಸೂತ್ರ ಈಗಲೂ ಅಲ್ಲಲ್ಲಿ ಸಿಗುತ್ತದೆ, ಹಾಗೇ ನಕಲು ಮಾಡಬೇಡಿ.

ಗಾಯಕ್ಕೆ ಜೆಲಟಿನ್ ಪುಡಿ, ಗ್ಲಿಸರಿನ್, ನೀರು ಸಮಪಾಲು. ಹತ್ತು ನಿಮಿಷ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಗುಳ್ಳೆ ಬರುತ್ತದೆ. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಕೊಂಡು, ಸುಡುವುದಿಲ್ಲ ಅಂತ ಖಾತ್ರಿಯಾದ ಮೇಲೆ ಐಸ್‌ಕ್ರೀಮ್ ಕಡ್ಡಿಯಲ್ಲಿ ಹಚ್ಚಿ, ಗಟ್ಟಿಯಾಗುವ ಮುಂಚೆ ನಡುವೆ ಸೀಳಿ. ಅಂಚು ಚರ್ಮದೊಳಗೆ ಕರಗಿದಂತಿರಬೇಕು, ದಪ್ಪ ಅಂಚು ಕಂಡರೆ ಗಾಯ ಸ್ಟಿಕ್ಕರಿನಂತಾಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಕಡೆ ಹಗಲಲ್ಲಿ ಚಿತ್ರೀಕರಣವೇ? ಜೆಲಟಿನ್ ಮುಖದಿಂದ ಇಳಿದುಹೋಗುತ್ತದೆ. ಅಲ್ಲಿ ಟಿಶ್ಯೂ ಕಾಗದ ಮತ್ತು ಮೇಕಪ್ಪಿನ ಲಿಕ್ವಿಡ್ ಲೇಟೆಕ್ಸ್ (ದ್ರವ ರಬ್ಬರ್) ಬಳಸಿ, ಮೂರು ಪದರ, ಪ್ರತಿಯೊಂದೂ ಒಣಗಿದ ಮೇಲೆ ಮುಂದಿನದು. ಹುಬ್ಬು, ಗಡ್ಡಕ್ಕೆ ತಾಗಿದರೆ ಕೂದಲು ಕಿತ್ತು ಬರುತ್ತದೆ. ರಬ್ಬರ್ ಅಲರ್ಜಿ ಇದೆಯೇ ಅಂತ ಹಿಂದಿನ ದಿನವೇ ತೋಳಿನ ಮೇಲೆ ಹಚ್ಚಿ ನೋಡಿ.

ಚಿಮ್ಮಿಸುವುದಕ್ಕೆ ಸೂಜಿಯಿಲ್ಲದ 60 ಮಿ.ಲೀ. ಸಿರಿಂಜ್, ಅಕ್ವೇರಿಯಂ ಅಂಗಡಿಯ ಗಾಳಿ ಪೈಪು ಒಂದೂವರೆ ಮೀಟರ್. ಅಂಗಿಯೊಳಗಿಂದ ಪೈಪು ತಂದು, ಕ್ಯಾಮೆರಾಕ್ಕೆ ಕಾಣದ ಬದಿಯಲ್ಲಿ ಅಂಟಿಸಿ. ಇದಕ್ಕೆ ರಕ್ತವನ್ನು ಅಷ್ಟೇ ನೀರು ಬೆರೆಸಿ ತೆಳು ಮಾಡಬೇಕು, ದಪ್ಪ ಪಾಕ ಪೈಪಿನಲ್ಲಿ ಕಟ್ಟಿಕೊಂಡು ಸಿರಿಂಜ್ ಕೈಯಿಂದ ಹಾರುತ್ತದೆ. ಪೈಪಿನ ತುದಿಯವರೆಗೂ ರಕ್ತ ತುಂಬಿಸಿಯೇ ‘ಆ್ಯಕ್ಷನ್’ ಹೇಳಿ. ಗಾಳಿ ಉಳಿದಿದ್ದರೆ ಮೊದಲು ಪುಸ್ಸೆಂಬ ಸದ್ದು ಬಂದು ಇಡೀ ತಂಡ ನಗುತ್ತದೆ. ಗೋಡೆ ತುಂಬ ಬೇಕಾದರೆ ತೋಟಕ್ಕೆ ಔಷಧಿ ಹೊಡೆಯುವ ಕ್ಯಾನು ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸದೇ ಇರಬೇಕು. ಕೀಟನಾಶಕ ತುಂಬಿದ ಕ್ಯಾನನ್ನು ಎಷ್ಟು ತೊಳೆದರೂ ಮನುಷ್ಯರ ಮೇಲೆ ಹೊಡೆಯುವಂತಿಲ್ಲ.

ಕತ್ತಿ ಇಳಿಯುವ ಶಾಟು, ಗಾಯದ ಶಾಟು ಬೇರೆ ಬೇರೆ ತೆಗೆಯಿರಿ. ಎರಡರ ನಡುವಿನ ಕತ್ತರಿಯಲ್ಲಿ ಅರ್ಧ ಹಿಂಸೆ ನಡೆದುಹೋಗುತ್ತದೆ. ಇನ್ನರ್ಧ ಸದ್ದಿನಲ್ಲಿದೆ: ಮೂಳೆಗೆ ಕ್ಯಾರೆಟ್ ಮುರಿಯಿರಿ, ಮಾಂಸಕ್ಕೆ ಮಾಗಿದ ಪಪ್ಪಾಯಿಯನ್ನು ಮೈಕಿನ ಹತ್ತಿರ ಹಿಸುಕಿ.

ಒಂದೇ ಥರದ ಅಂಗಿ ಮೂರು ಇರಲಿ, ರಕ್ತದ ಶಾಟುಗಳೆಲ್ಲ ದಿನದ ಕೊನೆಗೆ. ಪಾಕ ಬೇಗ ಒಣಗುವುದಿಲ್ಲ, ಹೊಳಪು ಉಳಿಯುತ್ತದೆ, ಆದರೆ ಇರುವೆ ಬರುತ್ತದೆ, ನೆಲ ಜಾರುತ್ತದೆ. ಓಡುವ ದೃಶ್ಯವಿದ್ದರೆ ಆ ಜಾಗ ಮೊದಲು ಒರೆಸಿ. ಸುಣ್ಣ ಬಳಿದ ಗೋಡೆ ಬಣ್ಣವನ್ನು ಹೀರಿಕೊಂಡರೆ ಬಿಡದು, ಪ್ಲಾಸ್ಟಿಕ್ ಹಾಳೆಗೆ ಗೋಡೆಯದೇ ಬಣ್ಣ ಬಳಿದು ಮುಚ್ಚಿ. ಕೈಯ ಕಲೆಗೆ ಶೇವಿಂಗ್ ಫೋಮ್ ಹಚ್ಚಿ ಉಜ್ಜಿ, ಪೂರ್ತಿ ಹೋಗದಿದ್ದರೂ ತಿಳಿಯಾಗುತ್ತದೆ. ಉಳಿದ ರಕ್ತದಲ್ಲಿ ಹಾಲಿನ ಪುಡಿ ಇರುವುದರಿಂದ ಫ್ರಿಜ್ಜಿನಲ್ಲಿಡಿ, ಹುಳಿ ವಾಸನೆ ಬಂದರೆ ಚೆಲ್ಲಿ. ಹೊರಗೆ ತೆಗೆಯುವುದಾದರೆ ಅಕ್ಕಪಕ್ಕದವರಿಗೂ ಠಾಣೆಗೂ ಮೊದಲೇ ಹೇಳಿ. ರಕ್ತ ಚೆನ್ನಾಗಿ ಬಂದಿದ್ದರೆ ಯಾರಾದರೂ 112ಕ್ಕೆ ಫೋನ್ ಮಾಡಿಯೇ ಮಾಡುತ್ತಾರೆ.