ಮಲೆನಾಡಿನ ಹಿತ್ತಲ ಹೊಂಡಕ್ಕೆ ಯಾವ ಮೀನು?

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಹಿತ್ತಲಲ್ಲಿ ತೋಟದ ನೀರಿಗೆಂದು ಮಾಡಿಸಿದ ಹೊಂಡವಿದೆ. ಅರ್ಧಕ್ಕೆ ಅಡಿಕೆ ಮರದ ನೆರಳು, ಇನ್ನರ್ಧಕ್ಕೆ ಮಧ್ಯಾಹ್ನದ ಬಿಸಿಲು. ಮೀನು ಬಿಡೋಣ ಎಂದಾಗ ಎಲ್ಲರೂ ಹೇಳಿದ್ದು ಒಂದೇ: ‘ಕಾಟ್ಲಾ ಬಿಡಿ ಮಾರಾಯ್ರೆ, ಬೇಗ ತೂಕ ಬರುತ್ತೆ.’ ಬಯಲುಸೀಮೆಯ ಕೆರೆಗೆ ಅದು ಸರಿಯಾದ ಮಾತೇ. ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ 25ರಿಂದ 32 ಡಿಗ್ರಿಯ ನೀರು ಹಿತ. 20ರ ಕೆಳಗಿಳಿದರೆ ಮೇವು ಕಡಿಮೆಯಾಗಿ ಬೆಳವಣಿಗೆ ಕುಂಟುತ್ತದೆ.

ನಾನು ಮೀನಿಗಿಂತ ಮೊದಲು ತಂದದ್ದು ಥರ್ಮಾಮೀಟರ್. ದಾರ ಕಟ್ಟಿ ಎರಡಡಿ ಆಳಕ್ಕೆ ಇಳಿಬಿಟ್ಟು, ಬೆಳಗ್ಗೆ ಕೊಟ್ಟಿಗೆ ಕೆಲಸಕ್ಕೆ ಹೋಗುವಾಗ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ನೋಡುತ್ತಿದ್ದೆ. ಜನವರಿಯ ಬೆಳಗ್ಗೆ 19. ಬಿಸಿಲೇರಿದರೂ 22 ದಾಟುತ್ತಿರಲಿಲ್ಲ. ಮೀನು ಆರಿಸಲು ಬೇಕಾದದ್ದು ಆ ಬೆಳಗಿನ ಲೆಕ್ಕ.

ಆಮೇಲೆ ನೀರಿನ ಬಣ್ಣ. ಮೊಣಕೈವರೆಗೆ ಕೈ ಮುಳುಗಿಸಿದರೆ ಅಂಗೈ ಹಸಿರಲ್ಲಿ ಮಸುಕಾಗಬೇಕು, ಅಷ್ಟು ಪ್ಲವಕ (ನೀರಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು) ಇದ್ದರೆ ಕಾಟ್ಲಾದ ಹೊಟ್ಟೆ ತುಂಬುತ್ತದೆ. ನಮ್ಮಲ್ಲಿ ಉಗುರೂ ಕಾಣುತ್ತಿತ್ತು. ಜಂಬಿಟ್ಟಿಗೆ ಮಣ್ಣಿನ ಹುಳಿ ನೀರಿಗೆ ಸುಣ್ಣ ಹಾಕಿ, ಸಗಣಿ ನೀರು ಬಿಟ್ಟು ಹಸಿರು ತರಿಸಬಹುದು. ಆದರೆ ನೆರಳಲ್ಲಿ ಅದು ಏಳುವುದೇ ನಿಧಾನ, ಜುಲೈ ಮಳೆಗೆ ಇದ್ದದ್ದೂ ಕೋಡಿ ಹರಿದು ಹೋಗುತ್ತದೆ.

ಕಡೆಗೆ ಬಿಟ್ಟದ್ದು ಹೆಚ್ಚಾಗಿ ಸಾಮಾನ್ಯ ಗೆಂಡೆ, ಸ್ವಲ್ಪ ಹುಲ್ಲುಗೆಂಡೆ, ಆಸೆಗೆ ಒಂದಿಷ್ಟು ರೋಹು. ಸಾಮಾನ್ಯ ಗೆಂಡೆ ಚಳಿಗೆ ಹೆದರುವ ಜಾತಿಯಲ್ಲ. 1939ರಲ್ಲಿ ಸಿಲೋನಿನಿಂದ ತಂದು ಬಿಟ್ಟದ್ದೇ ಊಟಿಯಲ್ಲಿ. ತಳ ಕೆದಕಿ ಹುಳ, ಕೊಳೆತದ್ದು ತಿನ್ನುತ್ತದೆ, ಪ್ಲವಕವನ್ನೇ ನೆಚ್ಚಿಕೊಂಡಿಲ್ಲ. ಹುಲ್ಲುಗೆಂಡೆಗೆ ತೋಟದ ಹುಲ್ಲು, ಬಾಳೆ ಎಲೆ. ಮೇಲಿಷ್ಟು ತೌಡು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆಯನ್ನು ತಟ್ಟೆಯಲ್ಲಿಟ್ಟು ಇಳಿಸುತ್ತೇನೆ. ಚಳಿಗಾಲದಲ್ಲಿ ಉಂಡೆ ಉಳಿಯತೊಡಗಿದರೆ ಅರ್ಧಕ್ಕಿಳಿಸಬೇಕು, ಇಲ್ಲವಾದರೆ ಹಿಂಡಿ ಕೊಳೆತು ನೀರು ಕೆಡುತ್ತದೆ. ಗೆಂಡೆಯದು ತಂಟೆಯೂ ಉಂಟು. ಏರಿಯ ಬುಡ ಕೆದಕುತ್ತದೆ, ನೀರು ಸದಾ ಕೆಂಪು. ಸ್ಪ್ರಿಂಕ್ಲರ್ ಫಿಲ್ಟರ್ ತೊಳೆಯುವ ಕೆಲಸ ಹೆಚ್ಚಾಯಿತೆಂದು ಮನೆಯಲ್ಲಿ ಗೊಣಗಾಟ.

ಮಕ್ಕಳಿಗೆ ಬಣ್ಣದ ಮೀನೇ ಬೇಕೆಂದರೆ ಕೋಯಿ ಬಿಡಬಹುದು, ಅದೂ ಗೆಂಡೆಯದೇ ತಳಿ. ಮಿಂಚುಳ್ಳಿಗೆ ದೂರದಿಂದಲೇ ಕಾಣುತ್ತದೆ, ಅಷ್ಟೇ.

ಮರಿಗಳ ಚೀಲವನ್ನು ತಂದ ಕೂಡಲೇ ಬಿಚ್ಚಿ ಸುರಿಯಬೇಡಿ. ಇಪ್ಪತ್ತು ನಿಮಿಷ ಹೊಂಡದಲ್ಲೇ ತೇಲಿಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಒಳಬಿಟ್ಟರೆ ಅವು ತಾವಾಗಿ ಈಜಿ ಹೊರಬರುತ್ತವೆ.

ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡುವುದಿಲ್ಲ. ಸಾಮಾನ್ಯ ಗೆಂಡೆ ಹಾಗಲ್ಲ, ನೀರಿನ ಕಳೆಗೆ ಮೊಟ್ಟೆ ಅಂಟಿಸಿಬಿಡುತ್ತದೆ. ನಮ್ಮ ಕೋಡಿ ನೀರು ಹಳ್ಳ ಸೇರಿ ತುಂಗೆಗೆ ಹೋಗುವಂಥದ್ದು. ಹೊರಗಿನ ಮೀನು ಹೊಳೆಗೆ ಸೇರಬಾರದು. ಅದಕ್ಕೇ ಕೋಡಿಗೆ ಎರಡು ಪದರ ಬಲೆ. ಎಲೆ ಕಟ್ಟಿಕೊಂಡರೆ ನೀರು ಏರಿ ಮೇಲೇ ಹರಿಯುತ್ತದೆ, ಹಾಗಾಗಿ ದೊಡ್ಡ ಮಳೆ ಹಿಡಿದಾಗ ಕೊಪ್ಪೆ ಹಾಕಿಕೊಂಡು ಹೋಗಿ ಬಲೆ ಕೊಡವುವುದು ನನ್ನ ಪಾಲಿನ ಕೆಲಸ.